ಬಂಡಾಯದ ಪುಸ್ತಕ ಸಂತೆ: ಬೆರೆಯುವ ಬಗೆ ಮತ್ತು ಪಂಕ್ತಿಯ ಪ್ರಶ್ನೆ

ಪುಸ್ತಕ ಮೇಳಗಳ ಚರಿತ್ರೆಯನ್ನು ಸಾಮಾನ್ಯವಾಗಿ ಪ್ರಕಾಶಕರ ಸಂಖ್ಯೆ, ಬಿಡುಗಡೆಯಾದ ಕೃತಿಗಳು ಹಾಗೂ ಮಾರಾಟವಾದ ಪ್ರತಿಗಳ ಲೆಕ್ಕದಲ್ಲಿ ಬರೆಯಲಾಗುತ್ತದೆ. ಜಾನಪದ ಅಧ್ಯಯನದ ಪ್ರಶ್ನೆಗಳು ಇದಕ್ಕಿಂತ ಭಿನ್ನವಾದವು. ಅಲ್ಲಿಗೆ ಯಾರು ಬರುತ್ತಾರೆ, ಯಾರು ಬಾಗಿಲಲ್ಲೇ ನಿಲ್ಲುತ್ತಾರೆ, ಯಾರೊಡನೆ ಕುಳಿತು ಉಣ್ಣುತ್ತಾರೆ ಎಂಬುದನ್ನು ಅದು ವಿಚಾರಿಸುತ್ತದೆ. ಸಮಾನತೆಯನ್ನೇ ಧ್ಯೇಯವಾಗಿ ಘೋಷಿಸಿಕೊಂಡ ಚಳವಳಿಗಳ ಪುಸ್ತಕ ಮಳಿಗೆಗಳ ಸಂದರ್ಭದಲ್ಲಿ ಈ ಪ್ರಶ್ನೆಗಳು ಇನ್ನಷ್ಟು ಮುಖ್ಯವಾಗುತ್ತವೆ. ಮಳಿಗೆಯಲ್ಲಿ ಇಟ್ಟ ಪುಸ್ತಕ ಹೇಳುವ ಮಾತಿಗೂ ಮಳಿಗೆಯ ಸುತ್ತ ನಡೆಯುವ ವರ್ತನೆಗೂ ಇರುವ ಸಂಬಂಧವನ್ನು ಹಳೆಯ ಮೈಸೂರು ಸೀಮೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಂಜನಗೂಡು ಮತ್ತು ಚಾಮರಾಜನಗರದ ಕಡೆಯಿಂದ ಮೈಸೂರು ನಗರವನ್ನು ಪ್ರವೇಶಿಸುವ ಹೆದ್ದಾರಿಯು ಮಂಡಕಳ್ಳಿಯನ್ನು ಹಾದು ಬರುತ್ತದೆ. ಈಗ ವಿಮಾನ ನಿಲ್ದಾಣದಿಂದ ಹೆಸರಾಗಿರುವ ಈ ಊರು ಬಹುಕಾಲದಿಂದ ಹಳ್ಳಿಗಾಡಿಗೂ ನಗರಕ್ಕೂ ನಡುವಣ ಹೊಸ್ತಿಲಿನಂತಿದೆ. ದಕ್ಷಿಣದ ತಾಲ್ಲೂಕುಗಳಿಂದ ವಿದ್ಯಾರ್ಥಿನಿಲಯಗಳಿಗೆ, ಕಾಲೇಜುಗಳಿಗೆ, ಸಭೆಗಳಿಗೆ ಬಂದ ದಲಿತ ಹಾಗೂ ಹಿಂದುಳಿದ ಸಮುದಾಯಗಳ ತರುಣರು ಸಾಗಿದ ದಾರಿ ಇದು. ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ಜನಿಸಿದ ದೇವನೂರ ಮಹಾದೇವ ಅವರ ‘ದ್ಯಾವನೂರು’ ಕಥಾಸಂಕಲನವು 1973ರಲ್ಲಿ ಪ್ರಕಟವಾಯಿತು. ಇವರೆಲ್ಲ ನಗರಕ್ಕೆ ಬರುವಾಗ ಓದುವ ಹಂಬಲದ ಜೊತೆಗೆ ಜನ ಕೂಡುವ ಒಂದು ಪದ್ಧತಿಯನ್ನೂ ತಂದರು. ಸಂತೆ ಮತ್ತು ಜಾತ್ರೆಗಳಲ್ಲಿ ರೂಢಿಯಾದ ಪದ್ಧತಿ ಅದು.

ಈ ಸೀಮೆಯ ಜಾತ್ರೆಗಳಲ್ಲಿ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನದು ವಿಶಿಷ್ಟವಾದುದು. ಮಂಟೇಸ್ವಾಮಿ ಪರಂಪರೆಗೆ ಸೇರಿದ ಸಿದ್ದಪ್ಪಾಜಿಯ ಈ ಜಾತ್ರೆಯಲ್ಲಿ ನಡೆಯುವ ಪಂಕ್ತಿಸೇವೆಯಲ್ಲಿ ಹಲವು ಜಾತಿಗಳ ಒಕ್ಕಲು ಮಾಂಸದಡುಗೆ ಮಾಡಿ ಒಟ್ಟಿಗೆ ಉಣ್ಣುವ ಸಂಪ್ರದಾಯವಿದೆ. 2010ರ ದಶಕದಲ್ಲಿ ಪ್ರಾಣಿಬಲಿ ನಿಷೇಧದ ಹೆಸರಿನಲ್ಲಿ ಆಡಳಿತವು ಇದನ್ನು ತಡೆಯಲು ಮುಂದಾದಾಗ, ಇದು ಬಲಿಯಲ್ಲ, ಸಹಪಂಕ್ತಿ ಭೋಜನ ಎಂದು ಒಕ್ಕಲಿನವರು ವಾದಿಸಿದರು. ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯದ ಕಲ್ಯಾಣದ ಪ್ರಸಂಗವೂ ಇದೇ ಪ್ರಶ್ನೆಯ ಸುತ್ತ ಹೆಣೆದುಕೊಂಡಿದೆ. ಸಮಾನತೆಯ ಪಟ್ಟಣವೆಂದು ಪ್ರಸಿದ್ಧವಾದ ಕಲ್ಯಾಣಕ್ಕೆ ಮಂಟೇಸ್ವಾಮಿ ಅಸ್ಪೃಶ್ಯನ ರೂಪದಲ್ಲಿ ಬಂದಾಗ ಬಾಗಿಲಲ್ಲೇ ತಡೆಯಲಾಗುತ್ತದೆ. ಒಳಗೆ ದಾಸೋಹ ನಡೆಯುತ್ತಿರುತ್ತದೆ. ಸಮಾನತೆಯ ಸಭೆಯೊಂದರ ನಿಜವಾದ ಪರೀಕ್ಷೆ ಅದರ ಬಾಗಿಲು ಮತ್ತು ಪಂಕ್ತಿಗಳಲ್ಲಿ ನಡೆಯುತ್ತದೆ ಎಂಬ ತಿಳಿವಳಿಕೆಯನ್ನು ಈ ಕಾವ್ಯ ಶತಮಾನಗಳಿಂದ ಕಾಪಾಡಿಕೊಂಡು ಬಂದಿದೆ.

ಆಧುನಿಕ ಕಾಲದಲ್ಲಿ ಈ ಪರೀಕ್ಷೆಯನ್ನು ಕನ್ನಡ ಸಾಹಿತ್ಯವೇ ಎದುರಿಸಬೇಕಾಯಿತು. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪ ಅವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂಬರ್ಥದ ಮಾತನ್ನಾಡಿದರು. ಅದರಿಂದ ಭುಗಿಲೆದ್ದ ಗಲಭೆಗಳಲ್ಲಿ ದಲಿತ ವಿದ್ಯಾರ್ಥಿಗಳು ಹಲ್ಲೆಗೆ ಒಳಗಾದರು. ಬಸವಲಿಂಗಪ್ಪ ಸಚಿವಸ್ಥಾನವನ್ನು ತೊರೆಯಬೇಕಾಯಿತು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಬೇಕೆಂಬ ಬೇಡಿಕೆಯನ್ನು ನಿರಾಕರಿಸಲಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. ಕರ್ನಾಟಕ ಲೇಖಕಿಯರ ಸಂಘ ಸ್ಥಾಪನೆಯಾದದ್ದೂ 1979ರಲ್ಲೇ. ಇದ್ದ ವೇದಿಕೆಯಲ್ಲಿ ದೊರೆಯದ ಸ್ಥಳವನ್ನು ಹೊರಗೆ ಕಟ್ಟಿಕೊಳ್ಳುವ ಪ್ರವೃತ್ತಿಯು ಆ ವರ್ಷದಲ್ಲಿ ಒಟ್ಟಾಗಿ ಗೋಚರಿಸುತ್ತದೆ.

ಇಂಥ ಸಮಾವೇಶಗಳ ಪುಸ್ತಕ ಮಾರಾಟದ ಸ್ವರೂಪವು ಅಂಗಡಿಗಿಂತ ಸಂತೆಗೆ ಹತ್ತಿರವಾದುದು. ಜಮಖಾನೆ ಅಥವಾ ಮೇಜಿನ ಮೇಲೆ ಹರಡಿದ ಕಡಿಮೆ ಬೆಲೆಯ ತೆಳು ಪುಸ್ತಿಕೆಗಳು, ಪಕ್ಕದಲ್ಲಿ ಕರಪತ್ರ, ಚಂದಾ ರಸೀದಿ. ಹತ್ತಿರದಲ್ಲೇ ತಮಟೆಯ ಸದ್ದು, ಹೋರಾಟದ ಹಾಡು. ಕೊಳ್ಳದೆಯೂ ನಿಂತು ಓದಬಹುದು. ಮಾರುವವನೂ ಕೊಳ್ಳುವವನೂ ವಾದಕ್ಕಿಳಿಯಬಹುದು. ಅಪರಿಚಿತರು ಚಹಾ ಹಂಚಿಕೊಳ್ಳಬಹುದು. 1975ರಲ್ಲಿ ಪ್ರಕಟವಾದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಓದು ಬಾರದವರನ್ನು ತಲುಪಿದ್ದು ಈ ಬಗೆಯ ಹಾಡಿಕೆಯಿಂದಲೇ. ಅಕ್ಷರವನ್ನು ಮುಟ್ಟುವ ಹಕ್ಕನ್ನೇ ಕಳೆದುಕೊಂಡಿದ್ದ ಸಮುದಾಯದವನೊಬ್ಬ ಯಾರ ಅಪ್ಪಣೆಯೂ ಇಲ್ಲದೆ ಪುಸ್ತಕವನ್ನು ಕೈಗೆತ್ತಿಕೊಂಡು ಪುಟ ತಿರುವುವುದು, ನೋಟಕ್ಕೆ ಸಣ್ಣದಾದರೂ, ಚರಿತ್ರೆಯ ದೃಷ್ಟಿಯಿಂದ ದೊಡ್ಡ ಕ್ರಿಯೆ. ಸಾವಿನ ಚಾಕರಿಗೆ ಬಿಟ್ಟಿಯಾಗಿ ಬಾರಿಸಬೇಕಾಗಿದ್ದ ತಮಟೆಯೂ ಇಲ್ಲಿ ಕೇಳುಗರನ್ನು ಕರೆಯುವ ವಾದ್ಯವಾಯಿತು.

ಈ ಅನುಭವ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಕಪ್ಪು ಜನರ ಹಾಗೂ ಮೂರನೆಯ ಜಗತ್ತಿನ ಪುಸ್ತಕಗಳಿಗಾಗಿಯೇ ಮೀಸಲಾದ ಅಂತರರಾಷ್ಟ್ರೀಯ ಮೇಳವೊಂದು 1982ರಲ್ಲಿ ಲಂಡನ್ನಿನಲ್ಲಿ ಪ್ರಾರಂಭವಾಯಿತು. ಜಾನ್ ಲ ರೋಸ್ ಮುಂತಾದವರು ಸಂಘಟಿಸಿದ, ಸಿ.ಎಲ್.ಆರ್. ಜೇಮ್ಸ್ ಉದ್ಘಾಟಿಸಿದ ಆ ಮೇಳದಲ್ಲೂ ಮಾರಾಟ, ಕಾವ್ಯವಾಚನ, ಚರ್ಚೆಗಳು ಒಂದೇ ಛಾವಣಿಯಡಿ ಕೂಡಿದವು. ಆದರೆ ಮುಕ್ತವೆನಿಸುವ ಕೂಟಗಳಲ್ಲೂ ನಡವಳಿಕೆಯ ಗಡಿ ಎಲ್ಲಿ ಎಂಬ ಜಗಳ ತಪ್ಪುವುದಿಲ್ಲ. ಲಂಡನ್ನಿನ ಅರಾಜಕತಾವಾದಿ ಪುಸ್ತಕ ಮೇಳದಲ್ಲಿ 2017ರಲ್ಲಿ ಕರಪತ್ರ ಹಂಚಿಕೆಯ ಕುರಿತು ಎದ್ದ ತೀವ್ರ ಘರ್ಷಣೆಯ ಬಳಿಕ ಸಂಘಟಕರು ಮರುವರ್ಷ ಮೇಳ ನಡೆಸದಿರಲು ನಿರ್ಧರಿಸಿದರು.

ಕರ್ನಾಟಕದಲ್ಲಿ ಈ ಗಡಿಯ ಜಗಳ ಮುಖ್ಯವಾಗಿ ಪ್ರಾತಿನಿಧ್ಯ ಮತ್ತು ಊಟದ ವಿಷಯದಲ್ಲಿ ಪ್ರಕಟವಾಗಿದೆ. 2017ರ ನವೆಂಬರಿನಲ್ಲಿ ಮೈಸೂರಿನ 83ನೆಯ ಸಾಹಿತ್ಯ ಸಮ್ಮೇಳನಕ್ಕೆ ಬಂಡಾಯದ ಹಿರಿಯ ಲೇಖಕ ಚಂದ್ರಶೇಖರ ಪಾಟೀಲರು ಅಧ್ಯಕ್ಷರಾದರು. ಹೊರಗಿದ್ದ ದನಿ ಪ್ರಧಾನ ವೇದಿಕೆಯನ್ನೇರಿತು. ಆದರೂ 2023ರ ಹಾವೇರಿ ಸಮ್ಮೇಳನದಲ್ಲಿ ಮುಸ್ಲಿಂ ಲೇಖಕರಿಗೆ ಸೂಕ್ತ ಪ್ರಾತಿನಿಧ್ಯವಿಲ್ಲವೆಂದು ಆಕ್ಷೇಪಿಸಿದವರು ಅದೇ ಜನವರಿ 8ರಂದು ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನ ನಡೆಸಿದರು. 2024ರ ಡಿಸೆಂಬರಿನ ಮಂಡ್ಯ ಸಮ್ಮೇಳನದಲ್ಲಿ ಮಳಿಗೆಗಳ ನಿಬಂಧನೆಯು ಮದ್ಯ, ತಂಬಾಕುಗಳ ಸಾಲಿನಲ್ಲೇ ಮಾಂಸಾಹಾರವನ್ನೂ ನಿಷೇಧಿಸಿದ್ದು ವಿವಾದವಾಯಿತು. ಬಾಡೂಟದ ಬೇಡಿಕೆ ಎದ್ದಿತು. ಕೊನೆಯ ದಿನ ಕೆಲವು ಸಂಘಟನೆಗಳವರು ಮಾಂಸಾಹಾರ ಹಂಚಿದರು.

ಈ ವಿವಾದವನ್ನು ರುಚಿಯ ಜಗಳವೆಂದು ತಳ್ಳಿಹಾಕುವುದು ಜಾನಪದದ ಸಾಕ್ಷ್ಯಕ್ಕೆ ವಿರುದ್ಧವಾಗುತ್ತದೆ. ಬಹುಜನರ ನಿತ್ಯದ ಆಹಾರವನ್ನು ವ್ಯಸನಗಳ ಪಟ್ಟಿಗೆ ಸೇರಿಸಿದಾಗ ಆ ಜನರ ಇರುವಿಕೆಯೇ ಅಶಿಸ್ತು ಎನಿಸಿಕೊಳ್ಳುತ್ತದೆ. ಅವರ ಕುರಿತ ಪುಸ್ತಕಗಳು ಮಳಿಗೆಯಲ್ಲಿದ್ದು ಅವರ ಊಟ ಮಾತ್ರ ಹೊರಗುಳಿದರೆ, ಕಲ್ಯಾಣದ ಬಾಗಿಲಿನ ಪ್ರಸಂಗ ಮರುಕಳಿಸಿದಂತೆಯೇ. ಹಾಗೆಂದು ಬಂಡಾಯದ ಕೂಟಗಳು ಈ ಪರೀಕ್ಷೆಯಿಂದ ಮುಕ್ತವೆಂದು ಭಾವಿಸುವಂತಿಲ್ಲ. ಹೊತ್ತು ಮುಳುಗಿದ ಮೇಲೆ ಮುಂದುವರಿಯುವ ಚರ್ಚೆಯಲ್ಲಿ ಮಹಿಳೆಯರು ಎಷ್ಟು ಮಂದಿ ಉಳಿಯುತ್ತಾರೆ, ಕೊನೆಯ ಬಸ್ಸನ್ನು ಹಿಡಿದು ಮಂಡಕಳ್ಳಿಯಾಚೆಯ ಹಳ್ಳಿಗೆ ಮರಳಬೇಕಾದ ಓದುಗನಿಗೆ ಮಾತಿನ ಸರದಿ ಯಾವಾಗ ಬರುತ್ತದೆ ಎಂಬ ಪ್ರಶ್ನೆಗಳು ಅವುಗಳಿಗೂ ಅನ್ವಯಿಸುತ್ತವೆ.

ಸಮ್ಮೇಳನಗಳ ಭಾಷಣಗಳು ಸ್ಮರಣ ಸಂಚಿಕೆಗಳಲ್ಲಿ ಉಳಿಯುತ್ತವೆ. ಮಳಿಗೆಯ ನಿಬಂಧನೆಯ ಹಾಳೆ, ಊಟದ ಪಟ್ಟಿ, ಕರಪತ್ರ, ಚಂದಾ ರಸೀದಿಗಳು ಕಸದ ಪಾಲಾಗುತ್ತವೆ. ಗ್ರಂಥಾಲಯಗಳೂ ಪತ್ರಾಗಾರಗಳೂ ಇವುಗಳನ್ನು ಸಂಗ್ರಹಿಸುವುದು ಅತ್ಯಗತ್ಯ. ಕನ್ನಡದ ಸಾರ್ವಜನಿಕ ಬದುಕು ಯಾರನ್ನು ಪಂಕ್ತಿಗೆ ಕರೆಯಿತು, ಯಾರನ್ನು ಕಾಯಿಸಿತು ಎಂಬುದರ ದಾಖಲೆ ಈ ಹಾಳೆಗಳಲ್ಲಿದೆ.