ದೆವ್ವದ ಕಣ್ಣಾದ ಕ್ಯಾಮೆರಾ

ತೆರೆಯ ಮೇಲೆ ದೆವ್ವವನ್ನು ತೋರಿಸಲು ಹಣ ಬೇಕು. 1981ರಲ್ಲಿ ‘ದಿ ಈವಿಲ್ ಡೆಡ್’ ಚಿತ್ರ ತೆರೆಗೆ ತಂದ ಅಮೆರಿಕದ ತರುಣ ಸ್ಯಾಮ್ ರೈಮಿ ಅವರ ಬಳಿ ಅದೇ ಇರಲಿಲ್ಲ. ಮರದ ಹಲಗೆಗೆ ಕ್ಯಾಮೆರಾ ಬಿಗಿದು, ಎರಡೂ ತುದಿಗಳನ್ನು ಇಬ್ಬರು ಹಿಡಿದುಕೊಂಡು ಕಾಡಿನಲ್ಲಿ ಓಡಿದರು. ದೆವ್ವದ ರೂಪ ಕಾಣಿಸಲಿಲ್ಲ. ಅದು ನೆಲಕ್ಕೆ ತಾಗುವಂತೆ ಧಾವಿಸುತ್ತ ಏನನ್ನು ನೋಡಿತೋ ಅದನ್ನೇ ಪ್ರೇಕ್ಷಕರು ನೋಡಿದರು.

1987ರ ‘ಈವಿಲ್ ಡೆಡ್ 2’ರ ವೇಳೆಗೆ ನಿರ್ಮಾಪಕ ಡಿನೋ ಡಿ ಲಾರೆಂಟಿಸ್ ಅವರ ಬೆಂಬಲ ಸಿಕ್ಕಿತ್ತು. ಆದರೂ ರೈಮಿ ಹಳೆಯ ಉಪಾಯವನ್ನು ಬಿಡಲಿಲ್ಲ. ಈ ಬಾರಿ ಅದರಿಂದ ನಗೆಯನ್ನೂ ಹೊರಡಿಸಿದರು. ಕಾಡಿನಿಂದ ನುಗ್ಗಿದ ಕ್ಯಾಮೆರಾ ಬಾಗಿಲುಗಳನ್ನು ಒಡೆಯುತ್ತ ನಾಯಕ ಆಶ್‌ನನ್ನು ಮನೆಯೆಲ್ಲ ಅಟ್ಟಾಡಿಸುತ್ತದೆ. ಅವನು ಅಡಗಿಕೊಳ್ಳುತ್ತಾನೆ. ಕ್ಯಾಮೆರಾ ಅತ್ತಿತ್ತ ಹುಡುಕುತ್ತದೆ, ಸಿಗಲಿಲ್ಲವೆಂದು ಬಂದ ದಾರಿಗೆ ಸುಂಕವಿಲ್ಲದಂತೆ ಹಿಂದೆ ಹಿಂದೆ ಸರಿದು ಕಾಡು ಸೇರುತ್ತದೆ. ದೆವ್ವವೂ ಪೆಚ್ಚಾಗಬಲ್ಲದು ಎಂಬುದನ್ನು ಒಂದು ಮಾತೂ ಇಲ್ಲದೆ ಹೇಳುವ ದೃಶ್ಯವಿದು.

ರಕ್ತದ ಕೋಡಿಯನ್ನಷ್ಟೇ ಕಂಡು ಈ ಚಿತ್ರವನ್ನು ತಳ್ಳಿಹಾಕುವವರಿದ್ದಾರೆ. (ಆ ರಕ್ತವೂ ಇಲ್ಲಿ ಕೆಂಪಷ್ಟೇ ಅಲ್ಲ, ಕಪ್ಪು, ಹಸಿರು!) ಅವರು ನಗುವ ಕೋಣೆಯ ದೃಶ್ಯವನ್ನೊಮ್ಮೆ ಗಮನಿಸಬೇಕು. ಗೋಡೆಯ ಮೇಲಿನ ಜಿಂಕೆಯ ತಲೆ, ಮೇಜಿನ ದೀಪ, ಪುಸ್ತಕಗಳು ಎಲ್ಲವೂ ಗಹಗಹಿಸುತ್ತವೆ. ಛಾಯಾಗ್ರಾಹಕ ಪೀಟರ್ ಡೆಮಿಂಗ್ ಅವರ ಚೌಕಟ್ಟು ವಾಲುತ್ತದೆ, ಕ್ಯಾಮೆರಾ ಮುಖದ ಹತ್ತಿರಕ್ಕೇ ಬರುತ್ತದೆ. ಆಶ್ ಪಾತ್ರದ ಬ್ರೂಸ್ ಕ್ಯಾಂಪ್‌ಬೆಲ್ ಕೂಡ ಅವುಗಳೊಡನೆ ನಗತೊಡಗುತ್ತಾರೆ. ಆ ನಗು ಯಾವ ಕ್ಷಣದಲ್ಲಿ ಚೀತ್ಕಾರವಾಯಿತೆಂದು ಹೇಳುವುದು ಕಷ್ಟ.