ಒಂದು ಇ-ಮೇಲ್, ಕೆಲವು ಸ್ಪೆಲಿಂಗ್ ಮತ್ತು ಕ್ಯಾಥರೀನ್ ಗನ್

ಸರ್ಕಾರದ ಕದ್ದಾಲಿಕೆ ಬಯಲು ಮಾಡಿದವರು ಎಂದರೆ ತಟ್ಟನೆ ನೆನಪಾಗುವುದು ಎಡ್ವರ್ಡ್ ಸ್ನೋಡೆನ್. ಅವರಿಗಿಂತ ಹತ್ತು ವರ್ಷ ಮೊದಲು, 2003ರಲ್ಲಿ, ಬ್ರಿಟನ್ನಿನ ಒಬ್ಬ ಹೆಣ್ಣುಮಗಳು ಇದೇ ಕೆಲಸ ಮಾಡಿದ್ದರು. ಸುದ್ದಿಮನೆಯಲ್ಲಿ ಕೂತು ಬೇರೆಯವರ ಬರಹ ತಿದ್ದುವ ನಮ್ಮಂಥವರು ಅವರ ಕಥೆ ತಿಳಿದಿರಬೇಕು.

ಕ್ಯಾಥರೀನ್ ಗನ್ ಬೆಳೆದದ್ದು ತೈವಾನಿನಲ್ಲಿ. ಚೀನಿ ಭಾಷೆ ಚೆನ್ನಾಗಿ ಬರುತ್ತಿದ್ದರಿಂದ ಚೆಲ್ಟೆನ್‌ಹ್ಯಾಮ್‌ನ ಜಿಸಿಎಚ್‌ಕ್ಯೂನಲ್ಲಿ ಅನುವಾದಕಿಯ ಕೆಲಸ ಸಿಕ್ಕಿತ್ತು. ಅದು ಫೋನು, ಸಂದೇಶಗಳನ್ನು ಕದ್ದು ಕೇಳುವ ಸರ್ಕಾರಿ ಸಂಸ್ಥೆ. ಅಂದರೆ ಕದ್ದಾಲಿಕೆ ಅವರಿಗೆ ಹೊಸದಲ್ಲ, ಅದೇ ನೌಕರಿ. 2003ರ ಜನವರಿ 31ರಂದು ಅಮೆರಿಕದ ಎನ್‌ಎಸ್‌ಎ ಕಡೆಯಿಂದ ಹೊರಟ ಇ-ಮೇಲ್ ಒಂದು ಅವರ ಕಣ್ಣಿಗೂ ಬಿತ್ತು. ಇರಾಕ್ ಮೇಲಿನ ಯುದ್ಧಕ್ಕೆ ವಿಶ್ವಸಂಸ್ಥೆಯ ಒಪ್ಪಿಗೆ ಪಡೆಯಲು ಅಮೆರಿಕ, ಬ್ರಿಟನ್ ಓಡಾಡುತ್ತಿದ್ದ ದಿನಗಳವು. ಭದ್ರತಾ ಮಂಡಳಿಯ 15 ಮತಗಳಲ್ಲಿ 9 ಬೇಕಿತ್ತು. ಅಂಗೋಲ, ಕ್ಯಾಮರೂನ್, ಚಿಲಿ, ಬಲ್ಗೇರಿಯಾ, ಗಿನಿ, ಪಾಕಿಸ್ತಾನದ ಪ್ರತಿನಿಧಿಗಳ ಮಾತುಕತೆಗೆ ಕಿವಿ ಕೊಡಿ, ನಮಗೆ ಅನುಕೂಲವಾಗುವ ಮಾಹಿತಿ ಹುಡುಕಿ ಎಂಬುದು ಇ-ಮೇಲ್‌ನ ತಿರುಳು. ದೇಶದ ಭದ್ರತೆಗೆ ಕೇಳುವುದು ಬೇರೆ, ಮತ ಗಿಟ್ಟಿಸಲು ಕೇಳುವುದು ಬೇರೆ ಎಂದು 28ರ ಕ್ಯಾಥರೀನ್‌ಗೆ ಅನ್ನಿಸಿತು. ಪ್ರಿಂಟ್ ತೆಗೆದು ಬ್ಯಾಗಿನಲ್ಲಿಟ್ಟುಕೊಂಡು ಮನೆಗೆ ಹೋದರು. ಪರಿಚಿತರೊಬ್ಬರ ಮೂಲಕ ಅದು 'ದಿ ಅಬ್ಸರ್ವರ್' ಪತ್ರಿಕೆ ಸೇರಿತು. ಆ ಪತ್ರಿಕೆಯ ಸಂಪಾದಕೀಯ ನಿಲುವು ಯುದ್ಧದ ಪರವಾಗಿತ್ತು. ಆದರೂ ಮಾರ್ಚ್ 2ರಂದು ಮುಖಪುಟದಲ್ಲೇ ಛಾಪಿಸಿದರು, ಅದನ್ನು ಮೆಚ್ಚಲೇಬೇಕು.

ಎಡವಟ್ಟಾದದ್ದು ಅಲ್ಲೇ. ಇ-ಮೇಲ್ ಬರೆದವರು ಅಮೆರಿಕದವರು, ಸ್ಪೆಲಿಂಗ್ ಅಮೆರಿಕದ್ದು. ಪತ್ರಿಕಾ ಕಚೇರಿಯಲ್ಲಿ ರೂಢಿಯಂತೆ ಅದನ್ನು ಬ್ರಿಟಿಷ್ ಸ್ಪೆಲಿಂಗ್‌ಗೆ ತಿದ್ದಿಬಿಟ್ಟರು. ಅಮೆರಿಕದ ಅಧಿಕಾರಿ ಹೀಗೆ ಬರೆಯುವುದುಂಟೇ, ಇದು ನಕಲಿ ಎಂಬ ಗುಲ್ಲೆದ್ದಿತು. ವರದಿಗಾರರ ಸಂದರ್ಶನಕ್ಕೆ ಮುಂದೆ ಬಂದಿದ್ದ ಅಮೆರಿಕದ ಟಿವಿ ಚಾನೆಲ್‌ಗಳು ಹಿಂದೆ ಸರಿದವು. ಯಾವ ದೇಶದ ಜನ ಮೊದಲು ಓದಬೇಕಿತ್ತೋ ಅಲ್ಲೇ ಸುದ್ದಿಯ ಬಿಸಿ ಆರಿಹೋಯಿತು. ದಾಖಲೆಯನ್ನು ಇದ್ದದ್ದು ಇದ್ದಂತೆ, ತಪ್ಪಿದ್ದರೆ ತಪ್ಪಿನ ಸಮೇತ ಛಾಪಿಸಬೇಕು ಎನ್ನುವುದಕ್ಕೆ ಇದಕ್ಕಿಂತ ದುಬಾರಿ ಉದಾಹರಣೆ ನನಗೆ ಗೊತ್ತಿಲ್ಲ.

ಪರಿಣಾಮವೇ ಆಗಲಿಲ್ಲ ಎನ್ನುವಂತೆಯೂ ಇಲ್ಲ. ಚಿಲಿಯಲ್ಲಿ ಸಿಟ್ಟು ಭುಗಿಲೆದ್ದಿತು. ಬೇಕಾದ ಮತಗಳು ಕೂಡಿಬರದೆ ನಿರ್ಣಯವನ್ನು ಮತಕ್ಕೆ ಹಾಕಲೇ ಇಲ್ಲ. ಇದಕ್ಕೆ ಈ ಇ-ಮೇಲ್ ಒಂದೇ ಕಾರಣ ಎಂದರೆ ಉತ್ಪ್ರೇಕ್ಷೆಯಾದೀತು; ಫ್ರಾನ್ಸಿನ ವಿಟೊ ಬೆದರಿಕೆಯೂ ಇತ್ತು. ವಿಶ್ವಸಂಸ್ಥೆಯ ಮುದ್ರೆಯಿಲ್ಲದೆಯೇ ಮಾರ್ಚ್ 20ರಂದು ಯುದ್ಧ ಶುರುವಾಯಿತು.

ಅತ್ತ ಕಚೇರಿಯಲ್ಲಿ ಒಬ್ಬೊಬ್ಬರನ್ನೇ ಕರೆದು ವಿಚಾರಣೆ ನಡೆಸುತ್ತಿದ್ದರು. ಮೊದಲು ಅಲ್ಲಗಳೆದ ಕ್ಯಾಥರೀನ್, ಕೆಲವೇ ದಿನಗಳಲ್ಲಿ ತಾವೇ ಹೋಗಿ ಒಪ್ಪಿಕೊಂಡರು. ಬಂಧನವಾಯಿತು, ಕೆಲಸ ಹೋಯಿತು. ಪ್ರಕರಣ ದಾಖಲಿಸಲು ಮಾತ್ರ ನವೆಂಬರ್‌ವರೆಗೆ ಕಾಯಿಸಿದರು. ಆ ಎಂಟು ತಿಂಗಳು ನಾಳೆ ಏನೋ ಎಂಬಂತೆ ಬದುಕಿದರು. ಟರ್ಕಿ ಮೂಲದ ಗಂಡನನ್ನೂ ಹಿಡಿದು ಗಡಿಪಾರಿನ ಹಂತಕ್ಕೆ ಒಯ್ದಿದ್ದರು. ಕೊನೆ ಗಳಿಗೆಯಲ್ಲಿ ತಪ್ಪಿತು. 1989ರ ಅಧಿಕೃತ ರಹಸ್ಯ ಕಾಯ್ದೆಯಡಿ 'ಜನಹಿತಕ್ಕಾಗಿ ಮಾಡಿದೆ' ಎಂದು ವಾದಿಸಲು ಅವಕಾಶವೇ ಇರಲಿಲ್ಲ. (ನಮ್ಮ 1923ರ ಕಾಯ್ದೆಯೂ ಬ್ರಿಟಿಷರು ಬಿಟ್ಟುಹೋದದ್ದೇ.)

ವಕೀಲರು ಬೇರೆ ದಾರಿ ಹಿಡಿದರು. ಕಾನೂನುಬಾಹಿರ ಯುದ್ಧದಲ್ಲಿ ಜೀವಹಾನಿ ತಡೆಯುವುದು ಅನಿವಾರ್ಯವಾಗಿತ್ತು ಎಂದು ವಾದಿಸಿ, ಯುದ್ಧದ ಬಗ್ಗೆ ಅಟಾರ್ನಿ ಜನರಲ್ ಸರ್ಕಾರಕ್ಕೆ ಕೊಟ್ಟ ಸಲಹೆಯ ಪ್ರತಿ ಕೊಡಿ ಎಂದು ಕೇಳಿದರು. 2004ರ ಫೆಬ್ರವರಿ 25ರಂದು ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯದಲ್ಲಿ ಸರ್ಕಾರಿ ವಕೀಲರು ಎದ್ದು ನಿಂತು, ನಾವು ಸಾಕ್ಷ್ಯ ಹಾಜರುಪಡಿಸುವುದಿಲ್ಲ ಎಂದುಬಿಟ್ಟರು. ಆರೋಪಿ ಬಾಯಿಬಿಟ್ಟು ಒಪ್ಪಿಕೊಂಡಿದ್ದ ಪ್ರಕರಣವದು! ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಿತು. ಆ ಸಲಹೆ ಹೊರಬಿದ್ದದ್ದು 2005ರಲ್ಲಿ. ಎರಡನೇ ನಿರ್ಣಯವಿಲ್ಲದೆ ಯುದ್ಧಕ್ಕೆ ಹೋಗುವ ಬಗ್ಗೆ ಅದರಲ್ಲಿ ಅನುಮಾನಗಳು ದಂಡಿಯಾಗಿದ್ದವು.

ಕದ್ದು ಕೇಳಿ ಎಂದವರ ಮೇಲೆ ಯಾವ ಕೇಸೂ ಆಗಲಿಲ್ಲ. ಬಿಡುಗಡೆಯಾದ ಕ್ಯಾಥರೀನ್‌ಗೆ ಭದ್ರವಾದ ಕೆಲಸ ಮತ್ತೆ ಸುಲಭಕ್ಕೆ ಸಿಗಲಿಲ್ಲ. ಮುಂದೆ ಸಂಸಾರ ಕಟ್ಟಿಕೊಂಡು ಟರ್ಕಿಗೆ ಹೋದರು.