ಮಸ್ಟ್ಯಾಂಗ್ ಬಿಡುಗಡೆ ಮತ್ತು ‘ಮ್ಯಾಜಿಕ್ ಸ್ಕೈವೇ’: ಕಾಲಕ್ರಮ ಕುರಿತ ಒಂದು ಟಿಪ್ಪಣಿ

ಹೊಸ ಕಾರನ್ನು ಕಣ್ಣು, ಕಿವಿ, ಮೈಗೆಲ್ಲ ತಾಗುವಂತೆ ಪರಿಚಯಿಸಿದ ಪ್ರದರ್ಶನಗಳಲ್ಲಿ 1964ರ ನ್ಯೂಯಾರ್ಕ್ ವಿಶ್ವ ಮೇಳದ ಫೋರ್ಡ್ ಮಂಟಪಕ್ಕೆ ವಿಶೇಷ ಸ್ಥಾನವಿದೆ. ಮಸ್ಟ್ಯಾಂಗ್ ಕಾರಿನ ಗೆಲುವನ್ನು ಈ ಪ್ರದರ್ಶನದ ಫಲವೆಂದು ಭಾವಿಸುವುದು ಸುಲಭ. ದಿನಾಂಕಗಳನ್ನು ಅಕ್ಕಪಕ್ಕ ಇಟ್ಟರೆ ಆ ಊಹೆ ನಿಲ್ಲುವುದಿಲ್ಲ.

ಮೊದಲು ಪ್ರದರ್ಶನದ ಸ್ವರೂಪ. ವಾಲ್ಟ್ ಡಿಸ್ನಿಯ ತಂಡ ರೂಪಿಸಿದ ‘ಮ್ಯಾಜಿಕ್ ಸ್ಕೈವೇ’ಯಲ್ಲಿ ಪ್ರೇಕ್ಷಕರು ಕೂರುತ್ತಿದ್ದುದು ನಿಜವಾದ ಫೋರ್ಡ್ ಕಾರುಗಳಲ್ಲೇ. ಚಾವಣಿ ಮಡಚಿದ ಆ ಕಾರುಗಳ ಸಾಲಿನಲ್ಲಿ ಮಸ್ಟ್ಯಾಂಗ್ ಕೂಡ ಇತ್ತು. ಎಂಜಿನ್ ತೆಗೆದಿದ್ದರಿಂದ, ಹಳಿಯಲ್ಲಿ ಹುದುಗಿಸಿದ್ದ ತಿರುಗುವ ಚಕ್ರಗಳೇ ಕಾರನ್ನು ಕೆಳಗಿನಿಂದ ಮುಂದೆ ತಳ್ಳುತ್ತಿದ್ದವು. ವಿವರಣೆ ಕೇಳಿಬರುತ್ತಿದ್ದುದು ಕಾರಿನ ರೇಡಿಯೋದಿಂದ. ಸುಮಾರು 12 ನಿಮಿಷಗಳ ಆ ಸಂಚಾರದಲ್ಲಿ ಅಲುಗಾಡುವ ಡೈನೋಸಾರ್‌ಗಳು, ಗುಹಾವಾಸಿಗಳು, ಕೊನೆಗೆ ಭವಿಷ್ಯದ ನಗರ ಎದುರಾಗುತ್ತಿದ್ದವು. ಕಥೆ ಕಾರಿನದಲ್ಲ, ಕಥೆ ನೋಡಲು ಕೂತ ಆಸನ ಮಾತ್ರ ಕಾರಿನದು. ನನ್ನ ದೃಷ್ಟಿಯಲ್ಲಿ ಇಡೀ ಯೋಜನೆಯ ಜಾಣ್ಮೆ ಇರುವುದು ಇಲ್ಲೇ. 1939ರ ಮೇಳದಲ್ಲಿ ಜನರಲ್ ಮೋಟರ್ಸ್‌ಗಾಗಿ ನಾರ್ಮನ್ ಬೆಲ್ ಗೆಡ್ಡೆಸ್ ರೂಪಿಸಿದ್ದ ‘ಫ್ಯೂಚರಾಮಾ’ದಲ್ಲಿ ಚಲಿಸುವ 552 ಕುರ್ಚಿಗಳಿದ್ದವು, ಕುರ್ಚಿಯಲ್ಲೇ ಧ್ವನಿಯೂ ಇತ್ತು, ಕಂಪನಿಯ ಕಾರುಗಳು ಮಾತ್ರ ಕುರ್ಚಿಯಿಂದ ಇಳಿದ ಮೇಲೆ ಕಾಣಸಿಗುತ್ತಿದ್ದವು. ಇಪ್ಪತ್ತೈದು ವರ್ಷಗಳಲ್ಲಿ ಕುರ್ಚಿಯ ಜಾಗಕ್ಕೆ ಮಾರಬೇಕಾದ ಸರಕೇ ಬಂದು ಕೂತಿತು.

ಇನ್ನು ದಿನಾಂಕಗಳು. ಮೇಳದ ಆವರಣದಲ್ಲಿ ಪತ್ರಕರ್ತರಿಗೆ ಕಾರು ತೋರಿಸಿದ್ದು ಏಪ್ರಿಲ್ 13ರಂದು. 16ರ ರಾತ್ರಿ ಅಮೆರಿಕದ ಮೂರೂ ಪ್ರಮುಖ ಟಿವಿ ಜಾಲಗಳಲ್ಲಿ ಜಾಹೀರಾತು ಬಂತು. 17ರಂದು ಮಾರಾಟ ಶುರು. ಆ ಒಂದೇ ದಿನ ಸುಮಾರು 22,000 ಕಾರುಗಳಿಗೆ ಬೇಡಿಕೆ. ಮೇಳ ಸಾರ್ವಜನಿಕರಿಗೆ ಬಾಗಿಲು ತೆರೆದದ್ದು 22ರಂದು. ಅಂದರೆ ಮೊದಲ ದಿನ ಹಣ ಕಟ್ಟಿದ ಗ್ರಾಹಕರು ‘ಸ್ಕೈವೇ’ ಸವಾರಿ ಮಾಡಿ ಬಂದವರಲ್ಲ. ಅವರನ್ನು ಸೆಳೆದ ಸಂಗತಿಗಳನ್ನು ಜಾಹೀರಾತಿನಲ್ಲಿ, 2,368 ಡಾಲರ್‌ಗಳ ಆರಂಭಿಕ ಬೆಲೆಯಲ್ಲಿ, ಕಾರಿನ ಅಂದದಲ್ಲಿ ಹುಡುಕಬೇಕು.

ಇದೇ ಕ್ರಮ ಅರ್ಧ ಶತಮಾನದ ನಂತರ ಮತ್ತೆ ಕಾಣುತ್ತದೆ. ವೋಲ್ವೋ ತನ್ನ ಎಕ್ಸ್‌ಸಿ90 ಮಾದರಿಯ ಮೊದಲ ಆವೃತ್ತಿಯ 1,927 ಕಾರುಗಳನ್ನು 2014ರ ಸೆಪ್ಟೆಂಬರ್‌ನಲ್ಲಿ ಅಂತರ್ಜಾಲದ ಮೂಲಕ 47 ಗಂಟೆಗಳಲ್ಲಿ ಮಾರಿತು. ಗೂಗಲ್‌ನ ರಟ್ಟಿನ ಪೆಟ್ಟಿಗೆಯೊಳಗೆ ಫೋನ್ ಇಟ್ಟು ನೋಡುವ ‘ವರ್ಚುವಲ್’ ಸವಾರಿ ಹೊರಬಂದದ್ದು ಆಮೇಲೆ, ನವೆಂಬರ್‌ನಲ್ಲಿ. ಅದರಲ್ಲಿ ಕಣ್ಣು, ಕಿವಿಗೆ ಕೆಲಸವಿತ್ತು, ಸೀಟಿನ ಸ್ಪರ್ಶವಿರಲಿಲ್ಲ.

ಹಾಗೆಂದು ‘ಸ್ಕೈವೇ’ ವ್ಯರ್ಥವಾಯಿತೆಂದು ನಾನು ವಾದಿಸುತ್ತಿಲ್ಲ. ಮೇಳ ಎರಡು ಹಂಗಾಮು ನಡೆಯಿತು. ಮಸ್ಟ್ಯಾಂಗ್ ಮೊದಲ ವರ್ಷದಲ್ಲಿ ನಾಲ್ಕು ಲಕ್ಷ ದಾಟಿತು. ಷೋರೂಮಿಗೆ ಕಾಲಿಡದ ಕುಟುಂಬಗಳೂ ಮಾರಾಟಗಾರನ ಒತ್ತಾಯವಿಲ್ಲದೆ ಫೋರ್ಡ್ ಕಾರಿನಲ್ಲಿ ಹನ್ನೆರಡು ನಿಮಿಷ ಕೂತು ಬರಬಹುದಾಗಿತ್ತು. ಅದರ ಪರಿಣಾಮ ಇದ್ದರೆ ಅದನ್ನು ಅರಸಬೇಕಾದದ್ದು 1964ರ ಬೇಸಿಗೆ ಮತ್ತು 1965ರ ಮಾರಾಟದ ಲೆಕ್ಕದಲ್ಲಿ, ಅದರಲ್ಲೂ ನ್ಯೂಯಾರ್ಕ್ ಸುತ್ತಲಿನ ಡೀಲರುಗಳ ಲೆಕ್ಕವನ್ನು ದೂರದ ರಾಜ್ಯಗಳ ಲೆಕ್ಕದೊಂದಿಗೆ ಹೋಲಿಸಿ.